ಜಪಮಾಲೆಗೆ ದಾರದ ಆಯ್ಕೆ: ಅಲ್ಪ ವೆಚ್ಚ, ಅಧಿಕ ಹೊಣೆ

ವಸ್ತುವಿನ ಬೆಲೆಗೂ ಅದು ಹೊರುವ ಹೊಣೆಗೂ ಯಾವಾಗಲೂ ಸಂಬಂಧವಿರುವುದಿಲ್ಲ ಎಂಬುದು ವರ್ತಕರಿಗೆ ಅನುಭವದಿಂದ ತಿಳಿದ ಸಂಗತಿ. ಜಪಮಾಲೆಯ ವ್ಯಾಪಾರದಲ್ಲಿ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 108 ಮಣಿ, ಒಂದು ಮೇರು, ಒಂದು ಕುಚ್ಚು ಮತ್ತು ಅವೆಲ್ಲವನ್ನೂ ಹಿಡಿದಿಡುವ ಒಂದು ದಾರ, ಇಷ್ಟೇ ಜಪಮಾಲೆ. ಇವುಗಳಲ್ಲಿ ದಾರದ ಬೆಲೆಯೇ ಕಡಿಮೆ. ಆದರೆ ಗ್ರಾಹಕರು ಮಾಲೆಯನ್ನು ಹಿಂದಕ್ಕೆ ತರುವುದು ಬಹುಮಟ್ಟಿಗೆ ದಾರದ ದೋಷದಿಂದಲೇ.

ಕೆಲವು ವರ್ಷಗಳ ಹಿಂದೆ ಮಂಡ್ಯದ ಪೂಜಾ ಸಾಮಗ್ರಿಯ ಅಂಗಡಿಯೊಂದರಲ್ಲಿ ಈ ಲೇಖಕ ಕುಳಿತಿದ್ದಾಗ ವಯಸ್ಸಾದ ತಾಯಿಯೊಬ್ಬರು ಕರವಸ್ತ್ರದ ಗಂಟು ಬಿಚ್ಚಿ, ಬಿಡಿಬಿಡಿಯಾದ ಸ್ಫಟಿಕದ ಮಣಿಗಳನ್ನು ಗಾಜಿನ ಮೇಜಿನ ಮೇಲೆ ಸುರಿದರು. ಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ಮಾಲೆ ಜಪದ ನಡುವೆಯೇ ಕಿತ್ತುಹೋಗಿತ್ತು. ಎಣಿಸಿದಾಗ ಮೂರು ಮಣಿಗಳು ಕಡಿಮೆಯಿದ್ದವು. “ಮಣಿ ಒಳ್ಳೇದೇ ತಾಯಿ, ದಾರ ಮಾತ್ರ ಹೋಗಿದೆ” ಎಂದರು ಅಂಗಡಿಯವರು. “ದಾರ ಹೋದ ಮೇಲೆ ಮಾಲೆ ಎಲ್ಲಿ ಉಳೀತಪ್ಪಾ?” ಎಂದು ಆಕೆ ಕೇಳಿದರು. ಅಂಗಡಿಯವರಲ್ಲಿ ಉತ್ತರವಿರಲಿಲ್ಲ. ಹೊಸ ದಾರಕ್ಕೆ ತಗಲಿದ್ದು ಕೆಲವೇ ರೂಪಾಯಿ. ಆದರೆ ಜಪದ ನಡುವೆ ಮಾಲೆ ಕಿತ್ತುಹೋಗುವುದನ್ನು ಅನೇಕರು ಅಪಶಕುನವೆಂದು ಭಾವಿಸುತ್ತಾರೆ. ಅಂತಹ ನೋವಿಗೆ ಕಾರಣವಾದ ಅಂಗಡಿಗೆ ಅವರು ಮತ್ತೆ ಬರುವರೆಂದು ನಂಬುವಂತಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯ ವರ್ತಕರಿಗೆ ಈ ವಿಷಯ ಇಂದು ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಲ್ಲಿ ವಾಹನಗಳು ಮದ್ದೂರು, ಮಂಡ್ಯ ಪಟ್ಟಣಗಳೊಳಗೆ ಇಳಿಯದೆಯೇ ಸಾಗುತ್ತವೆ. ದಾರಿಹೋಕರನ್ನು ನೆಚ್ಚಿಕೊಂಡಿದ್ದ ವ್ಯಾಪಾರಕ್ಕೆ ಇದರಿಂದ ಪೆಟ್ಟು ಬಿದ್ದಿದೆ. ಉಳಿದಿರುವ ಆಧಾರವೆಂದರೆ ಹುಡುಕಿಕೊಂಡು ಬರುವ ಗ್ರಾಹಕರು, ಯಾತ್ರಾಸ್ಥಳಗಳ ಅಂಗಡಿಗಳಿಗೆ ಸಗಟು ಪೂರೈಕೆ ಮತ್ತು ಅಂಚೆ, ಕೊರಿಯರ್ ಮೂಲಕ ನಡೆಯುವ ಮಾರಾಟ. ಈ ಮೂರರಲ್ಲಿಯೂ ದೂರು ಮರಳಿ ನಮ್ಮ ಬಾಗಿಲಿಗೇ ಬರುತ್ತದೆ.

ಬೇಡಿಕೆಗೆ ನಮ್ಮಲ್ಲಿ ಕೊರತೆಯಿಲ್ಲ. ಜಿಲ್ಲೆಯೊಳಗೇ ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯ ಸನ್ನಿಧಿ ಮತ್ತು ಆದಿಚುಂಚನಗಿರಿ ಇವೆ. ಮಳವಳ್ಳಿಯ ಮಾರ್ಗವಾಗಿ ಕೊಳ್ಳೇಗಾಲ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರು ವರ್ಷವಿಡೀ ಇರುತ್ತಾರೆ. ವೈಷ್ಣವರಿಗೆ ತುಳಸಿ, ಶೈವರಿಗೆ ಮತ್ತು ಲಿಂಗಾಯತರಿಗೆ ರುದ್ರಾಕ್ಷಿ, ಮಹದೇಶ್ವರನ ದೇವರಗುಡ್ಡರಿಗೆ ಕೊರಳ ತುಂಬ ರುದ್ರಾಕ್ಷಿ ಮಾಲೆ ಬೇಕು. ಮಣಿ ಪೋಣಿಸುವ ಕೆಲಸಕ್ಕೆ ಯಂತ್ರವಾಗಲಿ ದೊಡ್ಡ ಬಂಡವಾಳವಾಗಲಿ ಬೇಕಿಲ್ಲ. ಸೀರೆಗೆ ಕುಚ್ಚು ಕಟ್ಟಿ ಪಳಗಿದ ಮಹಿಳೆಯರಿಗೂ, 2000–01ರಿಂದ ರಾಜ್ಯದಲ್ಲಿ ರೂಪುಗೊಂಡ ಸ್ತ್ರೀಶಕ್ತಿ ಗುಂಪುಗಳಿಗೂ ಇದು ಒಗ್ಗುವ ಕಸುಬು. ಇದಕ್ಕೆ ಮೊದಲು ಬೇಕಾದದ್ದು ದಾರದ ಬಗೆಗಿನ ಸರಿಯಾದ ತಿಳಿವಳಿಕೆ.

ದಾರ ತುಂಡಾಗುವುದು ತೂಕದಿಂದಲ್ಲ

ದಾರ ಕೊಳ್ಳುವಾಗ ಎರಡು ಕೈಗಳಿಂದ ಜಗ್ಗಿ ನೋಡಿ ‘ಗಟ್ಟಿಯಾಗಿದೆ’ ಎಂದು ತೀರ್ಮಾನಿಸುವುದು ರೂಢಿ. ಈ ಪರೀಕ್ಷೆ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. 8 ಮಿಲಿಮೀಟರ್ ಗಾತ್ರದ 108 ತುಳಸಿ ಮಣಿಗಳ ತೂಕ ಸುಮಾರು 20 ಗ್ರಾಂ. ಅದೇ ಗಾತ್ರದ ಸ್ಫಟಿಕದ ಮಾಲೆ ಸುಮಾರು 75ರಿಂದ 80 ಗ್ರಾಂ ತೂಗುತ್ತದೆ. ಮಾಲೆಗೆ ಬಳಸುವ ಯಾವುದೇ ದಾರ ಇದರ ಹತ್ತಾರು ಪಟ್ಟು ತೂಕವನ್ನು ಸುಲಭವಾಗಿ ತಡೆಯುತ್ತದೆ.

ದಾರವನ್ನು ಕಡಿಯುವುದು ಮಣಿಯ ರಂಧ್ರದ ಅಂಚು. ಜಪ ಮಾಡುವವರು ಹೆಬ್ಬೆರಳು ಮತ್ತು ಮಧ್ಯದ ಬೆರಳಿನಿಂದ ಒಂದೊಂದೇ ಮಣಿಯನ್ನು ಎಳೆಯುತ್ತಾರೆ. ಒಮ್ಮೆ ಎಳೆದಾಗ ಮಣಿ ದಾರದ ಮೇಲೆ ಒಮ್ಮೆ ಉಜ್ಜುತ್ತದೆ. ದಿನಕ್ಕೆ 16 ಸುತ್ತು ಜಪ ಮಾಡುವ ಕ್ರಮ ಇಸ್ಕಾನ್ ಭಕ್ತರಲ್ಲಿದೆ. ಅಂಥವರ ಕೈಯಲ್ಲಿ ದಿನಕ್ಕೆ 1,728 ಬಾರಿ ಮಣಿ ಜರುಗುತ್ತದೆ. ವರ್ಷಕ್ಕೆ ಈ ಸಂಖ್ಯೆ ಆರು ಲಕ್ಷವನ್ನು ಮೀರುತ್ತದೆ. ಇದರ ಜೊತೆಗೆ ಬೆರಳಿನ ಬೆವರು, ಎಣ್ಣೆ, ವಿಭೂತಿಯ ಪುಡಿ ಮತ್ತು ಕುಂಕುಮ ದಾರದೊಳಗೆ ಸೇರುತ್ತವೆ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಈ ದಾರ ಎಷ್ಟು ಭಾರ ತಡೆಯುತ್ತದೆ?’ ಎಂಬುದಲ್ಲ; ‘ಈ ಮಣಿಯ ಅಂಚಿನಲ್ಲಿ, ಈ ಬಳಕೆಯಲ್ಲಿ ಇದು ಎಷ್ಟು ಕಾಲ ಸವೆಯದೆ ಇರುತ್ತದೆ?’ ಎಂಬುದು.

ದಾರದ ಬಗೆಗಳು ಮತ್ತು ಅವುಗಳ ಗುಣದೋಷ

ಹತ್ತಿ: ಜನಿವಾರ, ಶಿವದಾರ, ಉಡಿದಾರಗಳ ಮೂಲಕ ಹತ್ತಿಯ ದಾರ ನಮ್ಮ ಆಚರಣೆಗಳಲ್ಲಿ ಬೆರೆತಿದೆ. ಇದಕ್ಕೆ ಯಾವ ಸಂಪ್ರದಾಯದವರ ಆಕ್ಷೇಪವೂ ಇಲ್ಲ. ಗಂಟು ಜಾರುವುದಿಲ್ಲ. ಒದ್ದೆಯಾದಾಗ ಹತ್ತಿಯ ಬಲ ಕುಗ್ಗುವುದಿಲ್ಲ, ತುಸು ಹೆಚ್ಚುತ್ತದೆ. ಆದರೆ ತೇವ ಆರದೆ ಉಳಿದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಉಜ್ಜುವಿಕೆಗೆ ನವಿರೆದ್ದು ಬೇಗ ತೆಳುವಾಗುತ್ತದೆ. ಮರ್ಸರೈಸ್ ಮಾಡಿದ ಹತ್ತಿಯ ದಾರ ಸಾಧಾರಣ ದಾರಕ್ಕಿಂತ ಹೊಳಪಿನದು ಮತ್ತು ಬಲವಾದುದು.

ರೇಷ್ಮೆ: ಸಹಜ ನಾರುಗಳಲ್ಲಿ ಉದ್ದನೆಯ, ನಯವಾದ ಎಳೆ ರೇಷ್ಮೆಯದು. ನಯವಾದ ಎಳೆಯಾದುದರಿಂದ ಮಣಿ ಸರಾಗವಾಗಿ ಜರುಗುತ್ತದೆ. ಗಂಟು ಚಿಕ್ಕದಾಗಿ, ಅಚ್ಚುಕಟ್ಟಾಗಿ ಕೂರುತ್ತದೆ. ಮಡಿಗೆ ಪಟ್ಟೆ ವಸ್ತ್ರವನ್ನು ಒಪ್ಪುವ ಮನೆಗಳಲ್ಲಿ ರೇಷ್ಮೆ ದಾರಕ್ಕೆ ಗೌರವವಿದೆ. ದೋಷಗಳೂ ಇವೆ. ಒದ್ದೆಯಾದಾಗ ಬಲ ಕೊಂಚ ಕುಗ್ಗುತ್ತದೆ. ಬೆವರು ಮತ್ತು ನೇರ ಬಿಸಿಲು ಇದನ್ನು ಕ್ರಮೇಣ ದುರ್ಬಲಗೊಳಿಸುತ್ತವೆ. ರೇಷ್ಮೆ ಹುಳುವಿನ ಹಿಂಸೆಯ ಕಾರಣದಿಂದ ಇದನ್ನು ಒಲ್ಲದ ಗ್ರಾಹಕರೂ ಇರುತ್ತಾರೆ. ಅಂಥವರಿಗಾಗಿ ಹತ್ತಿಯ ಮಾಲೆಯನ್ನು ಪ್ರತ್ಯೇಕವಾಗಿ ಇಟ್ಟಿರುವುದು ಸೂಕ್ತ.

ನೈಲಾನ್: ಬಹಳ ಎಳೆಗಳನ್ನು ಸೇರಿಸಿ ಹುರಿ ಮಾಡಿದ ನೈಲಾನ್ ದಾರ ಸವೆತಕ್ಕೆ ಚೆನ್ನಾಗಿ ತಡೆಯುತ್ತದೆ. ಆದರೆ ಇದು ಹಿಗ್ಗುತ್ತದೆ. ಬಿಗಿಯಾಗಿ ಪೋಣಿಸಿದ ಮಾಲೆ ಕೆಲವು ತಿಂಗಳಲ್ಲಿ ಸಡಿಲಗೊಂಡು ಮಣಿಗಳ ನಡುವೆ ದಾರ ಕಾಣತೊಡಗುತ್ತದೆ. ಬಿಸಿಲು ಇದರ ಬಲವನ್ನೂ ಕುಗ್ಗಿಸುತ್ತದೆ. ಮೀನಿನ ಗಾಳಕ್ಕೆ ಬಳಸುವ ಒಂಟಿ ಎಳೆಯ ನೈಲಾನ್ ಜಪಮಾಲೆಗೆ ತಕ್ಕುದಲ್ಲ. ಅದು ಸೆಟೆದು ನಿಲ್ಲುತ್ತದೆ, ಗಂಟು ಜಾರುತ್ತದೆ, ಮಣಿಯ ಅಂಚಿನಿಂದ ಒಮ್ಮೆ ಗೀರು ಬಿದ್ದರೆ ಅಲ್ಲಿಂದಲೇ ತುಂಡಾಗುತ್ತದೆ.

ಪಾಲಿಯೆಸ್ಟರ್: ಹಿಗ್ಗುವಿಕೆ ನೈಲಾನಿಗಿಂತ ಕಡಿಮೆ. ನೀರನ್ನು ಬಹುತೇಕ ಹೀರುವುದೇ ಇಲ್ಲ. ಸದಾ ಕೊರಳಲ್ಲಿದ್ದು ಸ್ನಾನದ ನೀರಿಗೂ ಬೆವರಿಗೂ ಒಡ್ಡಿಕೊಳ್ಳುವ ಮಾಲೆಗೆ ಇದು ವಾಸ್ತವವಾಗಿ ರೇಷ್ಮೆಗಿಂತ ಬಾಳಿಕೆಯದು. ಗಂಟು ಜಾರುವುದು ಇದರ ಮುಖ್ಯ ದೋಷ. ತುದಿಯನ್ನು ಸುಟ್ಟು ಅಂಟಿಸಿದರೆ ಗಟ್ಟಿಯಾದ ಮುಳ್ಳಿನಂತಾಗಿ ಚರ್ಮಕ್ಕೆ ಚುಚ್ಚುತ್ತದೆ. ಆದ್ದರಿಂದ ಸುಟ್ಟ ತುದಿಯನ್ನು ಮೇರುವಿನೊಳಗೆ ಅಥವಾ ಕುಚ್ಚಿನ ಕೊರಳೊಳಗೆ ಅಡಗಿಸಬೇಕು.

ಕೃತಕ ರೇಷ್ಮೆ: ಆರ್ಟ್ ಸಿಲ್ಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ ರೇಯಾನ್ ದಾರಕ್ಕೆ ಮೆರುಗು ಹೆಚ್ಚು, ಬೆಲೆ ಕಡಿಮೆ. ಆದರೆ ಒದ್ದೆಯಾದಾಗ ಇದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕುಚ್ಚಿಗೆ ಬಳಸಬಹುದು, ಮಣಿ ಪೋಣಿಸಲು ಬಳಸಬಾರದು.

ಎಲಾಸ್ಟಿಕ್ ಮತ್ತು ಲೋಹದ ತಂತಿ: ಎಲಾಸ್ಟಿಕ್ ದಾರ ಕೈಗೆ ಧರಿಸುವ ಚಿಕ್ಕ ಮಾಲೆಗೆ ಅನುಕೂಲ. ಆದರೆ ಬೆವರು ಮತ್ತು ಎಣ್ಣೆಯಿಂದ ಬೇಗ ಸತ್ವ ಕಳೆದುಕೊಳ್ಳುತ್ತದೆ. ಬೆಳ್ಳಿಯ ತಂತಿಯಲ್ಲಿ ಕೊಂಡಿ ಹಾಕಿ ಕಟ್ಟಿದ ಸ್ಫಟಿಕ, ರುದ್ರಾಕ್ಷಿ ಮಾಲೆಗಳು ಧರಿಸಲು ಶೋಭೆ. ಜಪಕ್ಕೆ ಮಾತ್ರ ಕೊಂಡಿಗಳು ಬೆರಳಿಗೆ ತೊಡರುತ್ತವೆ. ಪದೇ ಪದೇ ಬಾಗುವ ಕಡೆ ತಂತಿ ಮುರಿಯುವುದೂ ಉಂಟು.

ಮಣಿಗೆ ತಕ್ಕ ದಾರ

ತುಳಸಿಯ ಮಣಿ ಹಗುರ, ರಂಧ್ರ ಕಿರಿದು. ಮರವಾದುದರಿಂದ ತೇವಕ್ಕೆ ಉಬ್ಬಿ ರಂಧ್ರ ಮತ್ತಷ್ಟು ಬಿಗಿಯಾಗುತ್ತದೆ. ಕೈಯಲ್ಲಿ ಹಿಡಿದು ಜಪ ಮಾಡುವ ತುಳಸಿ ಮಾಲೆಗೆ ತೆಳುವಾದ ರೇಷ್ಮೆ ಹುರಿ ಅಥವಾ ಮರ್ಸರೈಸ್ ಮಾಡಿದ ಹತ್ತಿ ಸೂಕ್ತ. ಸದಾ ಕೊರಳಲ್ಲಿರುವ ತುಳಸಿ ಕಂಠಿಗೆ ಪಾಲಿಯೆಸ್ಟರ್ ಹೆಚ್ಚು ಬಾಳುತ್ತದೆ.

ರುದ್ರಾಕ್ಷಿ ವಾಸ್ತವವಾಗಿ ಹಣ್ಣಿನೊಳಗಿನ ಓಟೆ. ಮಾರುಕಟ್ಟೆಗೆ ಬರುವ ಮಣಿಗಳು ಬಹುಪಾಲು ನೇಪಾಳ ಮತ್ತು ಇಂಡೋನೇಷ್ಯಾದವು. ನಡುವಿನ ರಂಧ್ರ ಹಿರಿದು, ಒಳಮೈ ಒರಟು. ಪೋಣಿಸುವ ಮೊದಲು ರಂಧ್ರದ ಸಿಬಿರುಗಳನ್ನು ತೆಗೆದು, ಒರಟು ನೂಲನ್ನು ಕೆಲವು ಸಲ ಒಳಗೆಳೆದು ಸ್ವಚ್ಛಗೊಳಿಸಬೇಕು. ಇದಕ್ಕೆ ಮೂರು ಎಳೆ ಸೇರಿಸಿ ಹೊಸೆದ ದಪ್ಪ ಹತ್ತಿ ಅಥವಾ ರೇಷ್ಮೆ ಹುರಿ ಬೇಕು. ರುದ್ರಾಕ್ಷಿಗೆ ಎಣ್ಣೆ ಸವರುವ ಪದ್ಧತಿ ಅನೇಕರಲ್ಲಿದೆ. ಎಣ್ಣೆ ಹೀರಿದ ಹತ್ತಿ ಕೊಳೆ ಹಿಡಿಯುತ್ತದೆ. ಆದ್ದರಿಂದ ದಾರವನ್ನು ಕಾಲಕಾಲಕ್ಕೆ ಬದಲಿಸಬೇಕೆಂದು ಮಾರಾಟದ ಸಮಯದಲ್ಲಿಯೇ ತಿಳಿಸುವುದು ಒಳಿತು.

ಸ್ಫಟಿಕ ಅತ್ಯಂತ ಎಚ್ಚರಿಕೆ ಬೇಡುವ ಮಣಿ. ಮೋಸ್ ಮಾನದಲ್ಲಿ ಇದರ ಗಡಸುತನ 7. ಉಕ್ಕಿನ ಚಾಕುವಿನ ಅಲಗಿಗಿಂತಲೂ ಗಡಸು. ರಂಧ್ರದ ಅಂಚನ್ನು ಉಜ್ಜಿ ನಯಗೊಳಿಸದಿದ್ದರೆ ಅದು ಗರಗಸದಂತೆ ದಾರವನ್ನು ಕೊಯ್ಯುತ್ತದೆ. ಮೇಲೆ ಹೇಳಿದ ತಾಯಿಯ ಮಾಲೆ ಕಿತ್ತುಹೋದದ್ದೂ ಹೀಗೆಯೇ. ಮಣಿ ಕೊಳ್ಳುವಾಗ ರಂಧ್ರದ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಂಚು ಚಕ್ಕೆ ಎದ್ದಿದ್ದರೆ ಎಷ್ಟೇ ಒಳ್ಳೆಯ ದಾರ ಹಾಕಿದರೂ ಪ್ರಯೋಜನವಿಲ್ಲ. ಉತ್ತಮ ಮಣಿಗೆ ಜೋಡಿ ರೇಷ್ಮೆ ಹುರಿಯಲ್ಲಿ ಮಣಿಮಣಿಗೂ ಗಂಟು ಹಾಕುವುದು ಕ್ಷೇಮ. ಗಂಟು ಮಣಿಯನ್ನು ಒಂದೆಡೆ ನಿಲ್ಲಿಸುವುದರಿಂದ ಉಜ್ಜುವಿಕೆ ಕಡಿಮೆಯಾಗುತ್ತದೆ.

ಶ್ರೀಗಂಧದ ಮಣಿಗೆ ಮೇಣ ಸವರಿದ ದಾರ ಬೇಡ. ಮೇಣ ಗಂಧವನ್ನು ಮಂಕಾಗಿಸುತ್ತದೆ. ನೆರೆಯ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳನ್ನು ಬಳಸುವವರಿಗೆ ರಂಧ್ರದ ತೊಂದರೆ ಕಡಿಮೆ. ಆದರೆ ತಿಳಿಬಣ್ಣದ ಯಾವುದೇ ಮಣಿಗೆ ಬಣ್ಣ ಬಿಡುವ ಕೆಂಪು ದಾರ ಹಾಕಿದರೆ ಮೊದಲ ಬೆವರಿಗೇ ಮಣಿ ಕಲೆಯಾಗುತ್ತದೆ.

ಗಾತ್ರ, ಹುರಿ ಮತ್ತು ಗಂಟು

ದಾರ ರಂಧ್ರದ ಮುಕ್ಕಾಲು ಭಾಗವನ್ನು ತುಂಬಬೇಕು ಎಂಬುದು ಸುಲಭವಾಗಿ ನೆನಪಿಡಬಹುದಾದ ನಿಯಮ. ರಂಧ್ರ 1 ಮಿಲಿಮೀಟರ್ ಇದ್ದರೆ ದಾರ 0.7ರಿಂದ 0.8 ಮಿಲಿಮೀಟರ್ ಇರಲಿ. ತೀರಾ ತೆಳುವಾದ ದಾರದಲ್ಲಿ ಮಣಿ ಓಲಾಡಿ ಒಂದೇ ಕಡೆ ಕೊಯ್ಯುತ್ತದೆ. ತೀರಾ ದಪ್ಪವಾದರೆ ಮಣಿ ಜರುಗದೆ ದಾರ ಸಿಗಿಯುತ್ತದೆ. ಸರಳ ಗಂಟಿನ ಗಾತ್ರ ದಾರದ ಎರಡೂವರೆಯಿಂದ ಮೂರು ಪಟ್ಟಿನಷ್ಟಾಗುತ್ತದೆ. ಆ ಗಂಟು ರಂಧ್ರದೊಳಗೆ ನುಸುಳದಂತಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಹುರಿಯ ದಿಕ್ಕಿನತ್ತಲೂ ಗಮನವಿರಲಿ. ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಆ ಎಳೆಗಳನ್ನು ಕೂಡಿಸಿ ಎದುರು ದಿಕ್ಕಿಗೆ ಹೊಸೆದಾಗ ಮಾತ್ರ ದಾರ ಸಮತೋಲನದಲ್ಲಿರುತ್ತದೆ. ಒಂದು ಮಾರು ದಾರವನ್ನು ಎರಡು ಕೈಗಳಲ್ಲಿ ಹಿಡಿದು ನಡುವೆ ಜೋತು ಬಿಟ್ಟಾಗ ಅದು ತನ್ನಷ್ಟಕ್ಕೆ ಸುತ್ತಿಕೊಂಡರೆ ಹುರಿ ಸಮವಾಗಿಲ್ಲ ಎಂದರ್ಥ. ಅಂತಹ ದಾರದಲ್ಲಿ ಕಟ್ಟಿದ ಮಾಲೆ ಎಂದಿಗೂ ನೇರವಾಗಿ ಇಳಿಬೀಳದು.

ಮಣಿಗಳ ನಡುವೆ ಗಂಟು ಬೇಕೇ ಬೇಡವೇ ಎಂಬುದು ಸಂಪ್ರದಾಯವನ್ನು ಅವಲಂಬಿಸಿದೆ. ಗ್ರಾಹಕರನ್ನು ಕೇಳಿಯೇ ನಿರ್ಧರಿಸಬೇಕು. ಗಂಟಿನ ಮಾಲೆಯಲ್ಲಿ ದಾರ ತುಂಡಾದರೂ ಮಣಿಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ. ಹೋದರೆ ಒಂದೆರಡು ಮಾತ್ರ. ಗಂಟಿಲ್ಲದ ಮಾಲೆಗೆ ಒಂದು ಬೆರಳಿನಷ್ಟು ಸಡಿಲ ಬಿಡಬೇಕು. ಬಿಗಿಯಾಗಿ ಕಟ್ಟಿದರೆ ಮಣಿ ಜರುಗಲು ಜಾಗವಿರುವುದಿಲ್ಲ.

‘ರೇಷ್ಮೆ’ ಎಂದ ಮಾತ್ರಕ್ಕೆ ರೇಷ್ಮೆಯಲ್ಲ

ಅಂಗಡಿಯಲ್ಲಿ ರೇಷ್ಮೆ ದಾರವೆಂದು ಕೊಡುವ ಸರಕಿನಲ್ಲಿ ರೇಯಾನ್, ಪಾಲಿಯೆಸ್ಟರ್ ಎರಡೂ ಇರಬಹುದು. ಒಂದು ಗೇಣು ದಾರವನ್ನು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ತೋರಿಸಿದರೆ ನಿಜ ತಿಳಿಯುತ್ತದೆ. ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರುತ್ತದೆ; ಉರಿಯಿಂದ ತೆಗೆದೊಡನೆ ಬಹುತೇಕ ತಾನೇ ಆರುತ್ತದೆ; ಕಪ್ಪು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಮತ್ತು ಹತ್ತಿ ಕಾಗದದಂತೆ ಉರಿದು ನವಿರಾದ ಬೂದು ಬಣ್ಣದ ಬೂದಿ ಬಿಡುತ್ತವೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಗುಳಿಗೆಯಾಗುತ್ತವೆ. ಮಿಶ್ರಣದ ಸಂಶಯವಿದ್ದಲ್ಲಿ ಬೆಂಗಳೂರಿನಲ್ಲಿರುವ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯ ನೆರವು ಪಡೆಯಬಹುದು. ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ಜಾರಿಗೆ ತಂದ ಸಿಲ್ಕ್ ಮಾರ್ಕ್ ಚೀಟಿಯು ಶುದ್ಧ ರೇಷ್ಮೆಯ ಭರವಸೆ ನೀಡುವ ಗುರುತು.

ಮನೆಯಲ್ಲಿಯೇ ಮಾಡಬಹುದಾದ ಇನ್ನು ನಾಲ್ಕು ಪರೀಕ್ಷೆಗಳಿವೆ.

ಒಂದು, ಸವೆತ. ತಾವು ಬಳಸುವ ಮಣಿಯೊಂದನ್ನು ಅಲುಗಾಡದಂತೆ ಹಿಡಿಸಿ, ಅದರೊಳಗೆ ದಾರ ತೂರಿಸಿ, ಒಂದು ತುದಿಗೆ 250 ಗ್ರಾಂ ತೂಕ ಕಟ್ಟಿ, ಇನ್ನೊಂದು ತುದಿಯನ್ನು ಎರಡಂಗುಲದಷ್ಟು ಹಿಂದೆ ಮುಂದೆ ಎಳೆಯಬೇಕು. ಎಷ್ಟು ಎಳೆತಕ್ಕೆ ತುಂಡಾಯಿತೆಂದು ಎಣಿಸಬೇಕು. ಪ್ರತಿ ದಾರಕ್ಕೂ ಐದು ಸಲ ಮಾಡಿ, ಸರಾಸರಿಯನ್ನು ಬಿಟ್ಟು ಕನಿಷ್ಠ ಸಂಖ್ಯೆಯನ್ನು ಪರಿಗಣಿಸಬೇಕು. ಗ್ರಾಹಕರ ಕೈಯಲ್ಲಿ ಮಾಲೆ ತುಂಡಾಗುವುದು ದಾರದ ದುರ್ಬಲ ಭಾಗದಲ್ಲಿಯೇ.

ಎರಡು, ಹಿಗ್ಗುವಿಕೆ. ಒಂದು ಮೀಟರ್ ದಾರಕ್ಕೆ ಗುರುತು ಹಾಕಿ, ಅರ್ಧ ಕಿಲೋ ತೂಕವನ್ನು ಒಂದು ಹಗಲು ಒಂದು ರಾತ್ರಿ ತೂಗುಬಿಟ್ಟು, ತೂಕ ತೆಗೆದ ಬಳಿಕ ಮತ್ತೆ ಅಳೆಯಬೇಕು.

ಮೂರು, ಬಣ್ಣ. ಉಪ್ಪುನೀರಿನಲ್ಲಿ ನೆನೆಸಿದ ದಾರವನ್ನು ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಬೇಕು. ಬಟ್ಟೆಗೆ ಕಲೆಯಾದರೆ ಮಣಿಗೂ ಆಗುತ್ತದೆ.

ನಾಲ್ಕು, ಗಂಟು. ಕೊನೆಯ ಗಂಟನ್ನು ಹಾಕಿ ಹತ್ತು ಸಲ ಜಗ್ಗಿ ಮರುದಿನ ನೋಡಬೇಕು. ಜಾರಿದ್ದರೆ ಗಂಟಿನ ಬಗೆಯನ್ನಾಗಲಿ ದಾರವನ್ನಾಗಲಿ ಬದಲಿಸಬೇಕು.

ಈ ಫಲಿತಾಂಶಗಳನ್ನು ದಾರ ಕೊಂಡ ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ದೂರು ಬಂದಾಗ ಯಾವ ಸರಕಿನ ದೋಷವೆಂದು ತಿಳಿಯುತ್ತದೆ.

ವೆಚ್ಚದ ಲೆಕ್ಕ

ರೇಷ್ಮೆ ದುಬಾರಿ ಎಂಬ ಕಾರಣದಿಂದ ಅದನ್ನು ಕೈಬಿಡುವವರು ಒಂದು ಮಾಲೆಗೆ ತಗಲುವ ವೆಚ್ಚವನ್ನು ಲೆಕ್ಕ ಹಾಕಿ ನೋಡಬೇಕು. 8 ಮಿಲಿಮೀಟರ್ ಗಾತ್ರದ 108 ಮಣಿಗಳು ಒತ್ತಾಗಿ ನಿಂತರೆ 86 ಸೆಂಟಿಮೀಟರ್ ಆಗುತ್ತವೆ. ಪ್ರತಿ ಮಣಿಗೂ ಗಂಟು, ಮೇರು ಮತ್ತು ಕಟ್ಟಲು ಬೇಕಾದ ತುದಿ ಸೇರಿ ಸುಮಾರು ಎರಡೂವರೆ ಮೀಟರ್ ದಾರ ಬೇಕು. 1 ಮಿಲಿಮೀಟರ್ ದಪ್ಪದ ರೇಷ್ಮೆ ಹುರಿಯಾದರೆ ಇದರ ತೂಕ ಸುಮಾರು ಒಂದೂವರೆ ಗ್ರಾಂ. ಅಂದರೆ ಪೋಲಾದ ತುಂಡುಗಳನ್ನು ಕಳೆದರೂ ಒಂದು ಕಿಲೋ ಹುರಿಯಿಂದ 600 ಮಾಲೆಗಳಾಗುತ್ತವೆ. ಲೆಕ್ಕಕ್ಕಾಗಿ ಹುರಿಯ ಬೆಲೆ ಕಿಲೋಗೆ 7,500 ರೂಪಾಯಿ ಎಂದಿಟ್ಟುಕೊಂಡರೆ ಮಾಲೆಯೊಂದಕ್ಕೆ 12 ರೂಪಾಯಿ 50 ಪೈಸೆ ಬೀಳುತ್ತದೆ. ಪಾಲಿಯೆಸ್ಟರ್ ದಾರವನ್ನು ಕಿಲೋಗೆ 600 ರೂಪಾಯಿ ಎಂದು ಹಿಡಿದರೆ ಒಂದು ರೂಪಾಯಿ. ವ್ಯತ್ಯಾಸ ಸುಮಾರು 11 ರೂಪಾಯಿ. 108 ಗಂಟು ಹಾಕುವ ಕೈಕೂಲಿಯ ಎದುರು ಇದು ದೊಡ್ಡ ಮೊತ್ತವಲ್ಲ. ಅದೇ ದರದಲ್ಲಿ 3 ಗ್ರಾಂ ತೂಕದ ರೇಷ್ಮೆಯ ಕುಚ್ಚಿಗೆ 22 ರೂಪಾಯಿ 50 ಪೈಸೆ ತಗಲುತ್ತದೆ. ಉಳಿತಾಯ ಮಾಡಲೇಬೇಕಿದ್ದರೆ ಕುಚ್ಚಿನಲ್ಲಿ ಮಾಡಿ, ದಾರದಲ್ಲಿ ಬೇಡ.

ತೆರಿಗೆಯ ಒಂದು ಅಂಶವೂ ಇದೆ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ರುದ್ರಾಕ್ಷಿ ಮಾಲೆ ಮತ್ತು ತುಳಸಿ ಕಂಠಿಮಾಲೆಗಳನ್ನು ಪೂಜಾ ಸಾಮಗ್ರಿಯ ಪಟ್ಟಿಯಲ್ಲಿ ಸೇರಿಸಿ ವಿನಾಯಿತಿ ನೀಡಲಾಯಿತು. ಮಾರುವ ಸರಕಿಗೆ ವಿನಾಯಿತಿ ಇರುವಾಗ, ಅದಕ್ಕಾಗಿ ಕೊಂಡ ದಾರದ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯಲಾಗದು. ಆದುದರಿಂದ ದಾರದ ಬೆಲೆಯನ್ನು ತೆರಿಗೆ ಸಹಿತವಾಗಿಯೇ ಲೆಕ್ಕ ಹಿಡಿಯಬೇಕು. ಸ್ಫಟಿಕದ ಮಾಲೆಯನ್ನು ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ಅದನ್ನು ಮಾರುವವರು ತಮ್ಮ ತೆರಿಗೆ ಸಲಹೆಗಾರರಿಂದ ದರವನ್ನು ಖಚಿತಪಡಿಸಿಕೊಳ್ಳುವುದು ಲೇಸು.

ನಮ್ಮ ನೆಲದ ರೇಷ್ಮೆ

18ನೇ ಶತಮಾನದ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನ್ ರೇಷ್ಮೆ ಕೃಷಿಗೆ ಉತ್ತೇಜನ ನೀಡಿದ್ದು, 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದದ್ದು ಇತಿಹಾಸ. ಇಂದಿಗೂ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ತೋಟಗಳಿವೆ. ರೈತರು ಬೆಳೆದ ಗೂಡು ರಾಮನಗರದಂತಹ ಮಾರುಕಟ್ಟೆಗಳಿಗೆ ಹೋಗುತ್ತದೆ. ಅಲ್ಲಿಂದ ಬಿಚ್ಚಾಣಿಕೆ, ಹುರಿ, ಬಣ್ಣ ಎಂದು ಹಲವು ಕೈ ದಾಟಿದ ದಾರವನ್ನು ನಾವು ಚಿಲ್ಲರೆಯಾಗಿ, ಕೆಲವೊಮ್ಮೆ ಕೃತಕ ರೇಷ್ಮೆಯ ಬೆರಕೆಯೊಡನೆ ಕೊಳ್ಳುತ್ತೇವೆ. ಗೂಡು ಬೆಳೆಯುವ ನೆಲದವರೇ ರೇಷ್ಮೆಯ ಹೆಸರಿನಲ್ಲಿ ಮೋಸಹೋಗುವುದು ಸಲ್ಲದು.

ಬಿಚ್ಚಾಣಿಕೆಯಾದ ಕಚ್ಚಾ ರೇಷ್ಮೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಇದು ತೂಕದ ಸುಮಾರು ಕಾಲು ಭಾಗದಷ್ಟು. ಸಾಬೂನು ನೀರಿನಲ್ಲಿ ಕುದಿಸಿ ಇದನ್ನು ತೆಗೆದಾಗ ದಾರ ಮೃದುವಾಗಿ, ಹೊಳಪಾಗಿ, ಬಣ್ಣ ಹಿಡಿಯಲು ಯೋಗ್ಯವಾಗುತ್ತದೆ. ಅಂಟು ತೆಗೆದ ಹುರಿಯೇ ಜಪಮಾಲೆಗೆ ತಕ್ಕುದು. ಅಂಟು ಉಳಿದ ದಾರ ಸೆಟೆದು ಗಂಟು ಸರಿಯಾಗಿ ಕೂರುವುದಿಲ್ಲ. ಕೊಳ್ಳುವಾಗ ಅಂಟು ತೆಗೆದ ತೂಕಕ್ಕೇ ದರ ಕೇಳಬೇಕು. ಇಲ್ಲವಾದರೆ ಕುದಿಸಿದಾಗ ಕಿಲೋಗೆ ಕಾಲು ಕಿಲೋ ನಷ್ಟವಾಗುತ್ತದೆ. ರೇಷ್ಮೆ ತ್ಯಾಜ್ಯದಿಂದ ನೂತ ಸ್ಪನ್ ಸಿಲ್ಕ್ ಅಗ್ಗವಾದರೂ ಗಿಡ್ಡ ಎಳೆಗಳದ್ದು. ಅದು ಕುಚ್ಚಿಗೆ ಸಾಕು. ಪೋಣಿಸಲು ನೀಳ ಎಳೆಯ ಹುರಿಯೇ ಬೇಕು.

ಅಡಚಣೆಯಿರುವುದು ಪ್ರಮಾಣದಲ್ಲಿ. ತಿಂಗಳಿಗೆ 100 ಮಾಲೆ ಮಾಡುವವರಿಗೆ ಬೇಕಾದ ಹುರಿ 150 ಗ್ರಾಂ. ಇಷ್ಟಕ್ಕಾಗಿ ಯಾವ ಹುರಿ ಘಟಕವೂ ಯಂತ್ರ ಹೊಂದಿಸಲಾರದು. ಹತ್ತು ಜನ ಒಂದುಗೂಡಿದರೆ ದಾರಕ್ಕೆ ಒಂದೂವರೆ ಕಿಲೋ, ಕುಚ್ಚಿಗೆ ಮೂರು ಕಿಲೋ, ತಿಂಗಳಿಗೆ ನಾಲ್ಕೂವರೆ ಕಿಲೋ ಆಗುತ್ತದೆ. ಆರು ತಿಂಗಳ ಬೇಡಿಕೆಯನ್ನು ಒಟ್ಟಿಗೆ ಕೊಟ್ಟರೆ 27 ಕಿಲೋ. ಆಗ ಗಾತ್ರ, ಹುರಿ, ಬಣ್ಣ ಇಂತಿಷ್ಟೇ ಇರಬೇಕೆಂದು ಕೇಳುವ ಅಧಿಕಾರ ಕೊಳ್ಳುವವರಿಗೆ ಬರುತ್ತದೆ. ಇಷ್ಟು ಅಲ್ಪ ಪ್ರಮಾಣದಿಂದ ರೇಷ್ಮೆ ಬೆಳೆಗಾರರ ಭಾಗ್ಯ ಬದಲಾಗದು ಎಂಬುದು ನಿಜ. ಆದರೆ ಪೋಣಿಸುವವರಿಗೆ ಪ್ರತಿ ಬಾರಿಯೂ ಒಂದೇ ಗುಣಮಟ್ಟದ ದಾರ ದೊರೆಯುತ್ತದೆ. ಮೂರೂ ಪಟ್ಟಣಗಳ ತಯಾರಕರು ಇಂತಹ ಸಾಮೂಹಿಕ ಖರೀದಿಯ ಬಗ್ಗೆ ಆಲೋಚಿಸುವುದು ಅಪೇಕ್ಷಣೀಯ.

ಮಾರಾಟದ ನಂತರ

ಯಾವ ದಾರವೂ ಶಾಶ್ವತವಲ್ಲ. ನಿತ್ಯ ಜಪಕ್ಕೆ ಬಳಸುವ ಮಾಲೆಯ ದಾರವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ತೆಳುವಾಗಿದ್ದರೆ ಬದಲಿಸಬೇಕೆಂದು ಸ್ಪಷ್ಟವಾಗಿ ಹೇಳುವುದು ವ್ಯಾಪಾರಕ್ಕೆ ಕುಂದಲ್ಲ. ಮಾಲೆಯೊಡನೆ ಒಂದು ಚಿಕ್ಕ ಚೀಟಿಯಿರಲಿ. ಮಣಿ ಯಾವುದು, ದಾರ ಯಾವುದು, ಪೋಣಿಸಿದ ತಿಂಗಳು ಯಾವುದು, ನೀರಿಗೆ ತಾಗಿಸಬಹುದೇ ಎಂಬುದನ್ನು ಅದರಲ್ಲಿ ಕನ್ನಡದಲ್ಲಿ ನಮೂದಿಸಿ. ಪಾಲಿಯೆಸ್ಟರ್ ಬಳಸಿದ್ದರೆ ಪಾಲಿಯೆಸ್ಟರ್ ಎಂದೇ ಬರೆಯಿರಿ. ಕೃತಕ ದಾರವನ್ನು ರೇಷ್ಮೆಯೆಂದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿಯೂ ತಪ್ಪು. ಮಡಿ ಮೈಲಿಗೆ ಪಾಲಿಸುವ ಗ್ರಾಹಕರ ದೃಷ್ಟಿಯಲ್ಲಿ ಅದು ನಂಬಿಕೆದ್ರೋಹ.

ಮರುಪೋಣಿಕೆಯನ್ನು ಒಂದು ಸೇವೆಯಾಗಿ ನಡೆಸಲು ಅವಕಾಶವಿದೆ. ಮೊದಲ ವರ್ಷ ಉಚಿತ, ನಂತರ ದಾರದ ಬೆಲೆ ಮತ್ತು ಕೈಕೂಲಿ ಎಂದು ಗೊತ್ತುಪಡಿಸಬಹುದು. ಹಳೆಯ ಮಾಲೆ ತಂದವರ ಎದುರಿಗೇ ಮಣಿಗಳನ್ನು ಎಣಿಸಿ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುವ ಕ್ರಮ ತಪ್ಪಬಾರದು. ತಂದೆ ತಾಯಿಯ ಕಾಲದ ಮಾಲೆಗಳು ಹೀಗೆ ಬರುತ್ತವೆ. ಅವುಗಳ ಒಂದು ಮಣಿ ಕಳೆದುಹೋದರೂ ಅದಕ್ಕೆ ಬದಲು ಕೊಡಲು ಯಾವ ಅಂಗಡಿಗೂ ಸಾಧ್ಯವಿಲ್ಲ.

ಸಂಗ್ರಹವಾಗಿ ಹೇಳುವುದಾದರೆ, ಕೈಯಲ್ಲಿ ಹಿಡಿಯುವ ಜಪಮಾಲೆಗೆ ಅಪ್ಪಟ ರೇಷ್ಮೆ ಹುರಿ, ರೇಷ್ಮೆ ಒಲ್ಲದವರಿಗೆ ಮರ್ಸರೈಸ್ ಮಾಡಿದ ಹತ್ತಿ, ಸದಾ ಕೊರಳಲ್ಲಿರುವ ಮಾಲೆಗೆ ಪಾಲಿಯೆಸ್ಟರ್, ರುದ್ರಾಕ್ಷಿಗೆ ದಪ್ಪ ಹುರಿ, ಸ್ಫಟಿಕಕ್ಕೆ ಮೊದಲು ರಂಧ್ರದ ಪರೀಕ್ಷೆ, ಆಮೇಲೆ ದಾರ. ಆ ತಾಯಿಯ ಸ್ಫಟಿಕದ ಮಾಲೆಯನ್ನು ಅಂಗಡಿಯವರು ಚಕ್ಕೆಯೆದ್ದ ಮಣಿಗಳನ್ನು ಬದಲಿಸಿ, ಕಳೆದ ಮೂರನ್ನೂ ತುಂಬಿಸಿ, ಜೋಡಿ ರೇಷ್ಮೆಯಲ್ಲಿ ಗಂಟು ಹಾಕಿಸಿ ಹಣ ಪಡೆಯದೆ ಹಿಂದಿರುಗಿಸಿದರು. ಆ ದಿನ ಅವರಿಗಾದ ನಷ್ಟ, ಮೊದಲೇ ಒಳ್ಳೆಯ ದಾರ ಹಾಕಿದ್ದರೆ ತಗಲುತ್ತಿದ್ದ ಹೆಚ್ಚುವರಿ ವೆಚ್ಚದ ಹಲವು ಪಟ್ಟು. ಈ ಲೆಕ್ಕವನ್ನು ನಮ್ಮ ತಯಾರಕರೂ ವರ್ತಕರೂ ದಾರ ಕೊಳ್ಳುವ ಮೊದಲೇ ಮಾಡಿಕೊಂಡರೆ, ನಮ್ಮ ಊರುಗಳಿಂದ ಹೊರಡುವ ಜಪಮಾಲೆ ಬಹುಕಾಲ ಬಾಳುತ್ತದೆ ಎಂಬ ಹೆಸರು ಗಳಿಸುವುದರಲ್ಲಿ ಸಂದೇಹವಿಲ್ಲ.